ತುಂಗೆಯ ಪಟ್ಟೆಮೀನು ಗಾಜಿನ ಪೆಟ್ಟಿಗೆ ಸೇರಿದ ಕಥೆ

ಹಾರ್ಲಿಕ್ಸ್ ಬಾಟ್ಲಿ ಗಾಜಿನದ್ದಾಗಿದ್ದ ಕಾಲ. ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ಮನೆ ಕೆಳಗಿನ ಗದ್ದೆ ದಾಟಿದರೆ ಒಂದು ಹಳ್ಳ. ಆ ಹಳ್ಳ ಒಂದೆರಡು ಮೈಲಿ ಹರಿದು ತುಂಗೆಗೆ ಸೇರುತ್ತದೆ. ಬೇಸಿಗೆ ರಜೆಯಲ್ಲಿ ನಮಗೆ ಅಲ್ಲೇ ಕೆಲಸ. ಸಂಕದ ಕೆಳಗೆ ಕಲ್ಲೆತ್ತಿ, ಅಮ್ಮನ ಹಳೇ ಸೀರೆಯ ತುಂಡು ಅಡ್ಡ ಹಿಡಿದರೆ ಸಣ್ಣ ಮೀನು ಸಿಗುತ್ತಿದ್ದವು. ಒಂದು ದಿನ ಬೆರಳುದ್ದದ, ಮೈತುಂಬ ಓರೆ ಪಟ್ಟೆಯ ಮೀನು ಸಿಕ್ಕಿತು. ಮೂತಿಯಲ್ಲಿ ಸಣ್ಣ ಮೀಸೆ. ಹಿಡಿದಾಗ ಕೈಗೆ ಮುಳ್ಳು ಚುಚ್ಚಿದ ಹಾಗಾಯಿತು. ಬಾಟ್ಲಿಗೆ ಹಾಕಿ ಜಗಲಿ ಮೇಲೆ ಇಟ್ಟೆ.

ಅಜ್ಜ ಎಲೆಅಡಿಕೆ ತಟ್ಟೆ ಬದಿಗೆ ಸರಿಸಿ ನೋಡಿದರು. "ಎಂತಕ್ಕೋ ಅದು? ತಿನ್ನಕ್ಕೂ ಬರಲ್ಲ, ಗಾಳಕ್ಕೂ ಬರಲ್ಲ. ಬಿಟ್ಟು ಬಾ ಹೋಗು" ಅಂದರು.

ನಾನು ಬಿಡಲಿಲ್ಲ. ಅನ್ನದ ಅಗುಳು ಹಾಕಿದೆ, ಅವಲಕ್ಕಿ ಹಾಕಿದೆ. ಮೂರನೇ ದಿನ ಬೆಳಿಗ್ಗೆ ನೀರು ಮಬ್ಬಾಗಿತ್ತು, ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅಜ್ಜ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಅದೇ ಮೀನನ್ನು ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ನೋಡಿದೆ. ನೀಲಿ ಲೈಟಿನ ಕೆಳಗೆ ಎಂಟು ಹತ್ತು ಮೀನು ಒಂದರ ಮೇಲೊಂದು ಮೂಲೆಯಲ್ಲಿ ಮಲಗಿದ್ದವು. ಗಾಜಿನ ಮೇಲೆ ಚೀಟಿ: ಜೀಬ್ರಾ ಲೋಚ್. ಒಂದು ಮೀನಿನ ಬೆಲೆಗೆ ನಮ್ಮೂರ ಸಂತೆಯಲ್ಲಿ ಒಂದು ಕೆಜಿ ಬಂಗುಡೆ ಬರುತ್ತಿತ್ತು. ಅಂಗಡಿ ಹುಡುಗನನ್ನು "ಇದು ಎಲ್ಲಿಂದ ಬರುತ್ತೆ?" ಅಂತ ಕೇಳಿದೆ. "ಇಂಪೋರ್ಟೆಡ್ ಸರ್" ಅಂದ. ನಗು ಬಂತು, ಆಮೇಲೆ ನಗು ನಿಂತಿತು. ನಮ್ಮ ಹಳ್ಳದ ಮೀನು ಇಂಪೋರ್ಟೆಡ್ ಆಗಿದ್ದು ಹೇಗೆ?

ಆ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕಿದ ಕಥೆ ಇದು. ಲಂಡನ್ನಿನಲ್ಲಿ ಶುರುವಾಗಿ ಕೇರಳ, ಬ್ರೆಜಿಲ್ ಸುತ್ತಿ ತುಂಗೆಗೆ ಬರುತ್ತದೆ. ಆದರೆ ಮೊದಲು ನಮ್ಮ ಕಡೆಯದೇ ಒಂದೆರಡು ಮಾತು.

ಮೀನು ಸಾಕುವುದು ನಮಗೇನೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅವನ ರಾಜಧಾನಿ ಈಗಿನ ಬಸವಕಲ್ಯಾಣ. ಅಡುಗೆ, ಆನೆ, ಸಂಗೀತ, ಕುಸ್ತಿ ಎಲ್ಲ ಇರುವ ಆ ಪುಸ್ತಕದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವಿದೆ. ಯಾವ ಮೀನು ಸಮುದ್ರದ್ದು, ಯಾವುದು ಹೊಳೆಯದ್ದು, ಯಾವುದಕ್ಕೆ ಯಾವ ತಿನಿಸು ಹಾಕಿದರೆ ಹತ್ತಿರ ಬರುತ್ತದೆ, ಗಾಳದ ದಾರ ಹೇಗಿರಬೇಕು ಎಂದೆಲ್ಲ ಅಲ್ಲಿ ಹೇಳಿದೆ. ಕಡೆಗೆ ಹಿಡಿಯುವ ಆಟವೇ ಅದು. ಆದರೂ ಮೊದಲು ದಿನದಿನ ತಿನಿಸಿ, ನೋಡಿ, ಗುರುತು ಮಾಡಿಕೊಳ್ಳಬೇಕು.

ಇನ್ನೊಂದು ರೀತಿ ದೇವರ ಮೀನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆಯದವರು ನಮ್ಮ ಕಡೆ ಯಾರಿದ್ದಾರೆ? ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನೂ ಹಾಗೆಯೇ. 1996ರಲ್ಲಿ ಯಾರೋ ಅಲ್ಲಿ ಹೊಳೆಗೆ ವಿಷ ಹಾಕಿ ಮೀನು ಕೊಂದರು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನು ಇಲ್ಲಿ ಸಾಕಿದ್ದು ಹೌದು, ಕಟ್ಟಿಹಾಕಿದ್ದಲ್ಲ. ಬೇಡ ಅನ್ನಿಸಿದರೆ ಹೊಳೆಯ ಹಾದಿ ಹಿಡಿದು ಹೋಗಬಹುದು.

ಗಾಜಿನ ಪೆಟ್ಟಿಗೆಯ ಕಥೆಯೇ ಬೇರೆ.

ನನ್ನ ಹಾರ್ಲಿಕ್ಸ್ ಬಾಟ್ಲಿಯ ಮೀನು ಯಾಕೆ ಸತ್ತಿತು ಅಂತ ಮೊದಲು ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಮೀನಿಗೂ ಉಸಿರು ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವೇ ಅದರ ಉಸಿರು. ಹಳ್ಳದ ನೀರು ಕಲ್ಲಿಗೆ ಬಡಿದು ಹರಿಯುವಾಗ ಗಾಳಿ ಸೇರುತ್ತಾ ಇರುತ್ತದೆ, ಬಾಟ್ಲಿಯಲ್ಲಿ ಅದು ನಿಂತುಹೋಗುತ್ತದೆ. ಇನ್ನೊಂದು, ಮೀನಿನ ಹೊಲಸಿನಿಂದ, ಕೊಳೆತ ಅನ್ನದಿಂದ ಅಮೋನಿಯಾ ಹುಟ್ಟುತ್ತದೆ. ಹೊಳೆಯಲ್ಲಿ ಕಲ್ಲಿಗೆ, ಮರಳಿಗೆ ಅಂಟಿದ ಬ್ಯಾಕ್ಟೀರಿಯಾಗಳು ಅದನ್ನು ಮೀನಿಗೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ, ಗಿಡಪಾಚಿ ಅದನ್ನು ಎಳೆದುಕೊಳ್ಳುತ್ತವೆ. ತೊಳೆದು ಫಳಫಳ ಮಾಡಿದ ಬಾಟ್ಲಿಯಲ್ಲಿ ಆ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ನನ್ನ ಮೀನು ಅದರದೇ ವಿಷದಲ್ಲಿ ಸತ್ತಿತು. ಅವಲಕ್ಕಿ ಹಾಕಿದ್ದು ನಾನು.

ಇದರ ಅರ್ಧ ಗುಟ್ಟು ಬಿಡಿಸಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ದೊಡ್ಡದೊಂದು ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ಒಂದು ವ್ಯಾಲಿಸ್ನೇರಿಯಾ ಗಿಡ ಇಟ್ಟ. ನಮ್ಮ ಕೆರೆಗಳಲ್ಲೂ ರಿಬ್ಬನ್ನಿನ ಹಾಗೆ ಬೆಳೆಯುವ ಗಿಡವದು. ಗಿಡ ಆಮ್ಲಜನಕ ಕೊಡುತ್ತದೆ, ಮೀನಿನ ಹೊಲಸು ಗಿಡಕ್ಕೆ ಗೊಬ್ಬರ ಎಂಬುದು ಲೆಕ್ಕ. ಆದರೆ ಹಳೇ ಎಲೆ ಕೊಳೆತು ನೀರು ಕೆಟ್ಟಿತು. ಆಮೇಲೆ ಕೊಳದ ಬಸವನಹುಳು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಮೀನು, ಗಿಡ, ಹುಳು ಮೂರೂ ಸೇರಿದರೆ ನೀರು ಬದಲಿಸದೆ ತಿಂಗಳುಗಟ್ಟಲೆ ನಡೆಯುತ್ತದೆ ಎಂದು ಜನರಿಗೆ ಗೊತ್ತಾದದ್ದು ಹೀಗೆ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯ ಮೀನಿನ ಮನೆ ತೆರೆಯಿತು.

ಮರುವರ್ಷ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನ ಪುಸ್ತಕ ಬಂತು, ಹೆಸರು 'ದಿ ಅಕ್ವೇರಿಯಂ'. ಈ ಪದ ಜನರ ಬಾಯಿಗೆ ಬಂದದ್ದು ಅಲ್ಲಿಂದ. ಗಾಸ್ ಸಮುದ್ರದ ದಡದ ಬಂಡೆಗುಂಡಿಗಳ ಜೀವಿಗಳನ್ನು ಎಷ್ಟು ಚಂದ ಬಣ್ಣಿಸಿದ, ಚಿತ್ರ ಬರೆದ ಅಂದರೆ, ಇಂಗ್ಲೆಂಡಿನ ಮಧ್ಯಮವರ್ಗದ ಜನ ಉಳಿ, ಸುತ್ತಿಗೆ, ಬುಟ್ಟಿ ಹಿಡಿದು ರೈಲು ಹತ್ತಿದರು. ಕಡಲ ದಡಕ್ಕೆ ಹೊಸದಾಗಿ ರೈಲು ಬಂದಿದ್ದ ಕಾಲ ಬೇರೆ. ಕಿತ್ತು ತಂದದ್ದರಲ್ಲಿ ಬಹುಪಾಲು ಕೆಲವೇ ದಿನಕ್ಕೆ ಸಾಯುತ್ತಿತ್ತು. ಸತ್ತರೆ ಮತ್ತೆ ಹೋಗಿ ತರುವುದು.

ಗಾಸನ ಮಗ ಎಡ್ಮಂಡ್ 1907ರಲ್ಲಿ ಅಪ್ಪನ ಬಗ್ಗೆ ಒಂದು ಪುಸ್ತಕ ಬರೆದ. ತಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಬಗ್ಗಿ ನೋಡಿದ ಬಂಡೆಗುಂಡಿಗಳೆಲ್ಲ ಈಗ ಬರಿದಾಗಿವೆ, ಸಂಗ್ರಹಕಾರರ ದಂಡು ಅವನ್ನು ಬಳಿದುಹಾಕಿತು ಎಂದು ಅದರಲ್ಲಿ ಬೇಸರಪಡುತ್ತಾನೆ. ಅಪ್ಪನಿಗೂ ಈ ಸಂಕಟ ಇತ್ತು. ಜೀವಗಳ ಮೇಲೆ ಪ್ರೀತಿ ಹುಟ್ಟಿಸಲು ಬರೆದವನು ಅವು ಖಾಲಿಯಾಗಲು ಕಾರಣನಾದ. ಇದನ್ನು ಓದಿದಾಗ ನನಗೆ ಸ್ವಲ್ಪ ಹೆದರಿಕೆಯೂ ಆಯಿತು. ನಾನೂ ಈಗ ಮೀನಿನ ಬಗ್ಗೆ ಬರೆಯುತ್ತಿದ್ದೇನಲ್ಲ! ಅದಕ್ಕೇ ನಮ್ಮ ಹಳ್ಳದ ಹೆಸರು ಹೇಳಿಲ್ಲ.

ಗಮನಿಸಿ, ಆಗ ಅವರು ಸಾಕುತ್ತಿದ್ದದ್ದು ಹೆಚ್ಚಾಗಿ ಅವರದೇ ಹೊಳೆ, ಅವರದೇ ಕಡಲಿನ ಜೀವಗಳನ್ನು. ಹಡಗುಗಳು ಬೇಗ ಬರತೊಡಗಿದ ಮೇಲೆ ಪೂರ್ವದ ಮೀನುಗಳ ಆಸೆ ಶುರುವಾಯಿತು. 1869ರಲ್ಲಿ ಪ್ಯಾರಿಸ್ಸಿಗೆ ಚೀನಾದ ಪ್ಯಾರಡೈಸ್ ಮೀನು ಬಂತು. ನಮ್ಮ ದೇಶದ ಮೀನುಗಳ ಸರದಿಯೂ ದೂರವಿರಲಿಲ್ಲ. ಅವುಗಳಿಗೆ ಲ್ಯಾಟಿನ್ ಹೆಸರುಗಳು ಆಗಲೇ ಬಿದ್ದಿದ್ದವು.

ಹೆಸರಿಟ್ಟವರಲ್ಲಿ ಒಬ್ಬನನ್ನು ಕನ್ನಡಿಗರು ಬಲ್ಲರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸುತ್ತಿ ಯಾವ ಊರಲ್ಲಿ ಎಷ್ಟು ರಾಗಿ, ಯಾರ ಹತ್ತಿರ ಎಷ್ಟು ಎತ್ತು ಎಂದು ಬರೆದಿಟ್ಟ ಸ್ಕಾಟ್ಲೆಂಡಿನ ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಅವನೇ ಮುಂದೆ ಬಂಗಾಳದ ಕಡೆ ಹೋಗಿ, ಹ್ಯಾಮಿಲ್ಟನ್ ಎಂಬ ಹೆಸರೂ ಸೇರಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕ ತಂದ. ಕೋಸಿ ನದಿಯ ಒಂದೂವರೆ ಅಂಗುಲದ ನೀಲಿ ಗೆರೆ ಮೀನಿಗೆ ಅದರಲ್ಲಿ ಹೆಸರಿಟ್ಟ. ಇವತ್ತು ಜಗತ್ತು ಅದನ್ನು ಜೀಬ್ರಾ ಫಿಶ್ ಅನ್ನುತ್ತದೆ. ನಮ್ಮ ಪಟ್ಟೆಮೀನಿಗೂ ಅಂಗಡಿಯವರು ಜೀಬ್ರಾ ಎಂದೇ ಕರೆದರೂ ಇದು ಬೇರೆ, ಅದು ಬೇರೆ. ಇದರ ಗೆರೆ ಉದ್ದಕ್ಕೆ, ನಮ್ಮದರದ್ದು ಅಡ್ಡಕ್ಕೆ ಓರೆಯಾಗಿ.

ಗದ್ದೆಬದಿಯ ಕಾಲುವೆಯಲ್ಲಿ ಬದುಕುವ ಆ ಮೀನು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಯುರೋಪಿನ ಮನೆಗಳ ಗಾಜಿನ ತೊಟ್ಟಿ ಸೇರಿತು. ಸುಲಭವಾಗಿ ಮೊಟ್ಟೆ ಇಡುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್‌ಗೆ ಮನೆಯಲ್ಲಿ ಮೀನು ಸಾಕುವ ಹುಚ್ಚಿತ್ತು. ಸಾಕುಪ್ರಾಣಿ ಅಂಗಡಿಯ ಈ ಮೀನನ್ನೇ ಅವನು ಪ್ರಯೋಗಾಲಯಕ್ಕೆ ತಂದ. ಅದರ ಭ್ರೂಣ ಗಾಜಿನಷ್ಟು ಪಾರದರ್ಶಕ, ಹೃದಯ ಬಡಿಯುವುದು ಹೊರಗಿಂದಲೇ ಕಾಣುತ್ತದೆ. 1981ರಲ್ಲಿ ಅವನ ಪ್ರಬಂಧ ಬಂದ ಮೇಲೆ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದರ ಹಿಂದೆ ಬಿದ್ದವು. 2013ರಲ್ಲಿ ಅದರ ವಂಶವಾಹಿಗಳನ್ನು ಪೂರ್ತಿ ಓದಿ ನೋಡಿದಾಗ, ಮನುಷ್ಯನ ಜೀನ್‌ಗಳಲ್ಲಿ ಸುಮಾರು 70 ಶೇಕಡಕ್ಕೆ ಅದರಲ್ಲಿ ಜೋಡಿ ಸಿಕ್ಕಿತು. ಕ್ಯಾನ್ಸರ್, ಹೃದಯದ ಕಾಯಿಲೆಯ ಸಂಶೋಧನೆ ಅದರ ಮೇಲೆ ನಡೆಯುತ್ತಿದೆ. ಈ ಮೀನಿನ ಮಟ್ಟಿಗೆ ಗಾಜಿನ ಪೆಟ್ಟಿಗೆ ಕೆಡುಕೇನೂ ಮಾಡಲಿಲ್ಲ. ತೊಟ್ಟಿಯಲ್ಲೇ ಮರಿಯಾಗುವುದರಿಂದ ಹೊಳೆಗೆ ಬಲೆ ಹಾಕುವ ಅಗತ್ಯವೇ ಬೀಳಲಿಲ್ಲ.

ತೊಟ್ಟಿಯಲ್ಲಿ ಮರಿ ಮಾಡದ ಮೀನಿನ ಪಾಡು ಏನು? ಅದಕ್ಕೆ ಮಿಸ್ ಕೇರಳ ಕಥೆ ಕೇಳಬೇಕು.

ಸುಳ್ಯ, ಮಡಿಕೇರಿ ಕಡೆಯವರು ಇದನ್ನು ನೋಡಿರಬಹುದು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ ದಾಟಿ ಕಾಸರಗೋಡಿಗೆ ಹೋಗುವ ಪಯಸ್ವಿನಿಯನ್ನು ಕೇರಳದಲ್ಲಿ ಚಂದ್ರಗಿರಿ ಅನ್ನುತ್ತಾರೆ. ಆ ಹೊಳೆಯಲ್ಲೂ ಈ ಮೀನಿದೆ. ಗೇಣಿಗಿಂತ ಚಿಕ್ಕದು. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆ, ಅದರ ಮೇಲೆ ಕಣ್ಣು ಹಾದು ಅರ್ಧ ಮೈವರೆಗೆ ರಕ್ತಗೆಂಪು ಗೆರೆ. ಮಲಯಾಳಿಗಳು ಚೋರಕ್ಕಣ್ಣಿ ಅಂತಾರೆ, ರಕ್ತಗಣ್ಣಿನವಳು ಅಂತ ಅರ್ಥ. 1865ರಲ್ಲಿ ಮದರಾಸಿನ ಸೈನ್ಯದ ಡಾಕ್ಟರ್ ಫ್ರಾನ್ಸಿಸ್ ಡೇ ಇದನ್ನು ಮುಂಡಕ್ಕಯಂನಿಂದ ವರ್ಣಿಸಿ, ಆಗಿನ ಮದರಾಸ್ ಗವರ್ನರ್ ವಿಲಿಯಂ ಡೆನಿಸನ್ ಹೆಸರಿಟ್ಟ. ಹೊಳೆಯ ಮೀನಿಗೆ ಗವರ್ನರನ ಹೆಸರು. ಆ ಗವರ್ನರ್ ಅದನ್ನು ನೋಡಿದ್ದನೋ ಇಲ್ಲವೋ!

ಆಮೇಲೆ 130 ವರ್ಷ ಯಾರೂ ಅದನ್ನು ಕೇಳಲಿಲ್ಲ. 1997ರಲ್ಲಿ ಸಿಂಗಾಪುರದ ಅಕ್ವಾರಾಮ ಎಂಬ ಅಲಂಕಾರಿಕ ಮೀನುಗಳ ಮೇಳದಲ್ಲಿ ಹೊಸ ಜಾತಿಗಳ ವಿಭಾಗದಲ್ಲಿ ಮೂರನೇ ಸ್ಥಾನ ಬಂತು. ಅಲ್ಲಿಂದ ಬೇಡಿಕೆಯೋ ಬೇಡಿಕೆ. ಯುರೋಪ್, ಜಪಾನ್, ಅಮೆರಿಕದ ತೊಟ್ಟಿಗಳಿಗೆ ಬೇಕಾದ ಮೀನೆಲ್ಲ ಆಗ ಸಹ್ಯಾದ್ರಿಯ ಹೊಳೆಗಳಿಂದಲೇ ಹೋಗಬೇಕಿತ್ತು, ಯಾಕೆಂದರೆ ತೊಟ್ಟಿಯಲ್ಲಿ ಅದು ಮೊಟ್ಟೆ ಇಡುತ್ತಿರಲಿಲ್ಲ. ಗುಂಪಿನಲ್ಲಿ ಈಜುವ ಮೀನು, ಒಂದು ಗುಂಡಿ ಸುತ್ತ ಬಲೆ ಎಳೆದರೆ ಇಡೀ ಗುಂಪು ಬರುತ್ತದೆ.

ಮೀನಿನ ಪಯಣ ಹೀಗೆ. ಹಿಡಿದ ಮೇಲೆ ಒಂದೆರಡು ದಿನ ಉಪವಾಸ, ದಾರಿಯಲ್ಲಿ ಹೊಲಸು ಮಾಡಿ ನೀರು ಕೆಡಿಸಬಾರದು ಅಂತ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ನೀರು, ಉಳಿದದ್ದು ಆಮ್ಲಜನಕ, ಬಾಯಿಗೆ ರಬ್ಬರ್. ಥರ್ಮೋಕೋಲ್ ಪೆಟ್ಟಿಗೆ, ವಿಮಾನ. ಹಿಡಿದವನಿಂದ ಸ್ಥಳೀಯ ಏಜೆಂಟ್, ಅವನಿಂದ ರಫ್ತುದಾರ, ಅವನಿಂದ ಪರದೇಶದ ಸಗಟು ವ್ಯಾಪಾರಿ, ಆಮೇಲೆ ಅಂಗಡಿ. ಅಡಿಕೆ, ಶುಂಠಿ ಬೆಳೆದವರಿಗೆ ಈ ಸರಪಳಿ ಬಿಡಿಸಿ ಹೇಳಬೇಕಾಗಿಲ್ಲ. ಕಡೇ ಕೈಯಲ್ಲಿ ಬೆಲೆ ಎಷ್ಟಾಯಿತು ಎಂದು ಮೊದಲ ಕೈಗೆ ಗೊತ್ತಾಗುವುದೇ ಇಲ್ಲ.

2008ರಲ್ಲಿ ಕೇರಳ ಸರ್ಕಾರ ಎಚ್ಚೆತ್ತು ನಿಯಮ ಮಾಡಿತು. ವರ್ಷದ ಕೆಲವು ತಿಂಗಳು ಹಿಡಿಯಬಾರದು ಎಂದಿತು. ಯಾವ ತಿಂಗಳು? ಜೂನ್, ಜುಲೈ, ಅಕ್ಟೋಬರ್. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಹತ್ತು ಮೀನು ಕಡಿಯಲು ಮೊದಲ ಮಳೆಗೆ ಗದ್ದೆಗೆ ಇಳಿಯುವವರು ನಾವು. ಆದರೆ ವಿಜ್ಞಾನಿಗಳು ಹೊಳೆಗಿಳಿದು ಮೀನಿನ ಹೊಟ್ಟೆ ಸೀಳಿ ತತ್ತಿ ನೋಡಿದಾಗ ಮಿಸ್ ಕೇರಳದ ಲೆಕ್ಕ ಬೇರೆಯೇ ಇತ್ತು. ಅದು ಮರಿ ಮಾಡುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ, ಮಳೆ ನಿಂತು ನೀರು ತಿಳಿಯಾದ ಮೇಲೆ. ನಿಯಮ ಬಾಗಿಲು ಹಾಕಿದ್ದು ಬಹುಪಾಲು ತಪ್ಪು ತಿಂಗಳಲ್ಲಿ. ಅಕ್ಟೋಬರ್ ಒಂದು ಬಿಟ್ಟರೆ ಗರ್ಭಿಣಿ ಮೀನು ಹಿಡಿಯುವುದಕ್ಕೆ ಆ ನಿಯಮದ ಅಡ್ಡಿ ಇರಲಿಲ್ಲ.

ಇಷ್ಟರಲ್ಲಿ ಹಾರ್ಮೋನ್ ಚುಚ್ಚಿ ಮರಿ ಮಾಡಿಸುವ ವಿದ್ಯೆ ಬಂತು. ಕೊಚ್ಚಿ ಬಳಿಯ ಪನಂಗಾಡ್ ಮೀನುಗಾರಿಕಾ ಕಾಲೇಜಿನಲ್ಲೂ ಮಾಡಿದರು. ಆದರೆ ದೊಡ್ಡ ಪ್ರಮಾಣದಲ್ಲಿ ವ್ಯಾಪಾರಕ್ಕೆ ಇಳಿಸಿದ್ದು ಇಂಡೋನೇಷ್ಯಾದ ಫಾರ್ಮುಗಳು. ಸಹ್ಯಾದ್ರಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಮೀನು ಈಗ ಇಂಡೋನೇಷ್ಯಾದಿಂದ ಪೆಟ್ಟಿಗೆ ಪೆಟ್ಟಿಗೆ ಹೊರಡುತ್ತದೆ. ಹೊಳೆಯ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಅನ್ನಬಹುದು. ಹೊಳೆ ದಡದ ಊರಿಗೆ ಒಂದು ಪೈಸೆ ಬರುವುದಿಲ್ಲ ಎಂಬುದೂ ನಿಜ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾದಾಗ ಮಿಸ್ ಕೇರಳ ಸಂರಕ್ಷಿತ ಪ್ರಾಣಿಗಳ ಪಟ್ಟಿ ಸೇರಿತು. ಸುಳ್ಯದ ಹುಡುಗನೊಬ್ಬ ಇವತ್ತು ಅದನ್ನು ಹಿಡಿದು ಬಾಟ್ಲಿಗೆ ಹಾಕಿದರೆ ಅದು ಅಪರಾಧವಾಗಬಹುದು.

ಈಗ ನಮ್ಮ ಹಳ್ಳಕ್ಕೆ ವಾಪಸ್ ಬರೋಣ.

ನಮ್ಮ ಪಟ್ಟೆಮೀನಿಗೆ ಹೆಸರಿಟ್ಟವರು ಬಿಳಿಯರಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಸಿ. ಆರ್. ನಾರಾಯಣ ರಾವ್ ಅವರು. 1920ರಲ್ಲಿ ಮೈಸೂರು ಸೀಮೆಯ ಹೊಸ ಮೀನುಗಳ ಬಗ್ಗೆ ಅವರು ಬರೆದ ಲೇಖನದಲ್ಲಿ ಶಿವಮೊಗ್ಗದ ತುಂಗಾ ನದಿಯ ಮೀನೊಂದಿದೆ. ಮೈಮೇಲಿನ ಗೆರೆ ನೋಡಿ ಬೋಟಿಯಾ ಸ್ಟ್ರಯಾಟಾ ಅಂದರು. ಕಪ್ಪೆಗಳ ಮೇಲೂ ದೊಡ್ಡ ಕೆಲಸ ಮಾಡಿದವರು. 1932ರಲ್ಲಿ ಶುರುವಾಗಿ ಈಗಲೂ ಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕೊಡಗಿನ ಕಾವೇರಿಯ ಒಂದು ಪುಟ್ಟ ಮೀನಿಗೆ ಮುಂದೆ ಅವರದೇ ಹೆಸರು ಬಂತು. ನಮ್ಮ ಶಾಲೆಯ ಪುಸ್ತಕದಲ್ಲಿ ಅವರ ಹೆಸರು ನೋಡಿದ ನೆನಪು ನನಗಿಲ್ಲ. ತುಂಗೆಯ ದಡದ ಮಕ್ಕಳಿಗೆ ಹೇಳಬೇಕಾದ ಕಥೆ ಇದು, ಅಲ್ಲವೇ?

ಪಟ್ಟೆಮೀನು ತುಂಗೆಯ ಸೀಮೆಯಲ್ಲಿ, ಆ ಕಡೆ ಕೊಲ್ಹಾಪುರದ ಸುತ್ತ ಕೃಷ್ಣೆಗೆ ಸೇರುವ ಹೊಳೆಗಳಲ್ಲಿ ಇದೆ. ಅಷ್ಟೇ ಅದರ ಲೋಕ. ಜಲ್ಲಿಕಲ್ಲು, ತಿಳಿನೀರು ಬೇಕು. ಹಗಲು ಕಲ್ಲ ಸಂದಿಯಲ್ಲಿ ಗುಂಪಾಗಿ ಮಲಗಿ ರಾತ್ರಿ ಹೊರಡುತ್ತದೆ. ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿದೆ, ಹೆದರಿದಾಗ ಬಿಚ್ಚುತ್ತದೆ. ಚಿಕ್ಕವನಿದ್ದಾಗ ನನಗೆ ಚುಚ್ಚಿದ್ದು ಅದೇ. ಬಸವನಹುಳು ಅಂದರೆ ಪ್ರಾಣ. ಅಕ್ವೇರಿಯಂ ಇಟ್ಟವರಿಗೆ ಬಸವನಹುಳು ಕಾಟ ಇರುವುದರಿಂದಲೇ ಇದಕ್ಕೆ ಗಿರಾಕಿ ಹೆಚ್ಚು.

2013ರಲ್ಲಿ ಭಾರತದ ಕೆಲವು ಮೀನು ವಿಜ್ಞಾನಿಗಳು ರಫ್ತಿನ ದಾಖಲೆಗಳನ್ನು ಕೆದಕಿ ಒಂದು ಅಧ್ಯಯನ ಪ್ರಕಟಿಸಿದರು. 2005ರಿಂದ 2012ರವರೆಗೆ ನಮ್ಮ ದೇಶದಿಂದ ಅಳಿವಿನ ಭಯವಿರುವ 30 ಜಾತಿಯ ಸಿಹಿನೀರಿನ ಮೀನುಗಳು 15 ಲಕ್ಷಕ್ಕೂ ಹೆಚ್ಚು ಹೊರಗೆ ಹೋಗಿದ್ದವು. ಅದರಲ್ಲಿ ಸಿಂಹಪಾಲು ಕೆಲವೇ ಜಾತಿಗಳದ್ದು. ಒಂದು ಮಿಸ್ ಕೇರಳ ಮತ್ತು ಅದರ ತಂಗಿಯಂಥ ಇನ್ನೊಂದು ಜಾತಿ. ಇನ್ನೊಂದು ಕೇರಳದ ಬಟಾಣಿ ಗಾತ್ರದ ಉಬ್ಬುಮೀನು. ಮತ್ತೊಂದು ನಮ್ಮ ಪಟ್ಟೆಮೀನು. ಮಿಸ್ ಕೇರಳಕ್ಕಾಗಿ ಪತ್ರಿಕೆಗಳು ಬರೆದವು, ಸರ್ಕಾರ ಸರಿಯೋ ತಪ್ಪೋ ಒಂದು ನಿಯಮ ಮಾಡಿತು. ಪಟ್ಟೆಮೀನಿಗೆ ಅಷ್ಟು ಚಂದದ ಹೆಸರಿಲ್ಲ, ಕೆಂಪು ಗೆರೆಯೂ ಇಲ್ಲ. ಅದು ಸದ್ದಿಲ್ಲದೆ ಹೋಯಿತು. ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅಳಿವಿನಂಚಿನ ಜೀವಿ. ಅಜ್ಜ ತಿನ್ನಕ್ಕೂ ಬರಲ್ಲ ಅಂದ ಮೀನು.

ಬಲೆಯೊಂದನ್ನೇ ಬೈದರೆ ಅನ್ಯಾಯವಾಗುತ್ತದೆ. ಹೊಳೆಯ ಜಲ್ಲಿ, ಮರಳು ತೆಗೆದರೆ ಅದಕ್ಕೆ ಮನೆಯೇ ಇಲ್ಲ. ಪಟ್ಟಣದ ಕೊಳಚೆ, ತೋಟದ ಔಷಧಿ, ಡೈನಮೈಟು, ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವವರು... ಇದರಲ್ಲಿ ನಮ್ಮೂರಿನವರೂ ಇದ್ದಾರೆ. ನೀರೆಲ್ಲ ಬತ್ತಿ ಗುಂಡಿಗಳಷ್ಟೇ ಉಳಿಯುವ ಏಪ್ರಿಲ್ ತಿಂಗಳಲ್ಲಿ ಒಂದು ಗುಂಡಿಗೆ ಔಷಧಿ ಹಾಕಿದರೆ ಆ ಹಳ್ಳದ ಬೀಜವೇ ಹೋಯಿತು.

ಹಾಗಾದರೆ ಹೊಳೆಯ ಮೀನು ಹಿಡಿದು ಮಾರುವುದೇ ತಪ್ಪೇ? ಹೌದು ಅಂತ ನಾನೂ ಅಂದುಕೊಂಡಿದ್ದೆ, ಬ್ರೆಜಿಲ್ಲಿನ ಬಾರ್ಸೆಲೋಸ್ ಬಗ್ಗೆ ಓದುವವರೆಗೆ. ಅಮೆಜಾನಿನ ಉಪನದಿ ರಿಯೊ ನೀಗ್ರೊ ದಡದ ಊರದು. ಅಲ್ಲಿನ ಜನ ತಲೆಮಾರುಗಳಿಂದ ಕಾರ್ಡಿನಲ್ ಟೆಟ್ರಾ ಎಂಬ ಕೆಂಪುನೀಲಿ ಪುಟ್ಟ ಮೀನು ಹಿಡಿದು ಮಾರುತ್ತಾರೆ. ಪ್ರವಾಹ ಬಂದಾಗ ಕೋಟಿಗಟ್ಟಲೆ ಹುಟ್ಟುವ ಮೀನದು. ನೀರಿಳಿದಾಗ ಬಹುಪಾಲು ತಾನಾಗಿಯೇ ಸಾಯುತ್ತದೆ, ಹೊಳೆಯಲ್ಲಿ ಅದರ ಆಯುಸ್ಸೇ ಸುಮಾರು ಒಂದು ವರ್ಷ. ಸಣ್ಣ ದೋಣಿ, ಕೈಬಲೆಯಲ್ಲಿ ಹಿಡಿದರೆ ಕಡಿಮೆಯಾಗುವುದಿಲ್ಲ. ಕಾಡು ಉಳಿದರೆ ಮಾತ್ರ ಮೀನು, ಮೀನು ಇದ್ದರೆ ಮಾತ್ರ ಊಟ, ಹಾಗಾಗಿ ಕಾಡು ಕಡಿಯಲು ಅಲ್ಲಿನವರಿಗೆ ಮನಸ್ಸಿಲ್ಲ. ಪ್ರಾಜೆಕ್ಟ್ ಪಿಯಾಬಾ ಎಂಬ ಸಂಸ್ಥೆ ವರ್ಷಗಳಿಂದ ಇದನ್ನೇ ಹೇಳುತ್ತಿದೆ. ಊರಿನಲ್ಲಿ ಅಲಂಕಾರಿಕ ಮೀನಿನ ಜಾತ್ರೆಯೂ ಇದೆ. ಎರಡು ಪಾರ್ಟಿ, ಒಂದು ಕಾರ್ಡಿನಲ್ ಮೀನಿನದ್ದು, ಇನ್ನೊಂದು ಡಿಸ್ಕಸ್ ಮೀನಿನದ್ದು, ವೇಷ ಹಾಕಿ ಪೈಪೋಟಿ ಮೇಲೆ ಕುಣಿಯುತ್ತಾರೆ. ಆ ಮೀನನ್ನೂ ದೂರದೇಶದ ಫಾರ್ಮುಗಳು ಮರಿ ಮಾಡಿಸತೊಡಗಿದ ಮೇಲೆ ಬಾರ್ಸೆಲೋಸಿನ ಹೊಟ್ಟೆಗೆ ಪೆಟ್ಟು ಬಿತ್ತು.

ಮಿಸ್ ಕೇರಳಕ್ಕೆ ಒಳ್ಳೆಯದಾಗಬಹುದಾದ ಫಾರ್ಮು ರಿಯೊ ನೀಗ್ರೊದ ಕಾಡಿಗೆ ಕೆಟ್ಟದ್ದು. ಒಂದೇ ನಿಯಮವನ್ನು ಎಲ್ಲ ಹೊಳೆಗೂ ಹಾಕಲು ಬರುವುದಿಲ್ಲ. ಯಾವ ಮೀನು, ಎಷ್ಟಿದೆ, ಯಾವಾಗ ಮರಿ ಮಾಡುತ್ತದೆ, ಹಿಡಿದ ದುಡ್ಡು ಯಾರಿಗೆ ಅಂತ ನೋಡಬೇಕು. ತುಂಗೆಯ ಪಟ್ಟೆಮೀನಿಗೆ ಇಂಥ ಲೆಕ್ಕ ಹಾಕಿ ಊರವರ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ. ಅಲ್ಲಿಯವರೆಗೆ ಅದನ್ನು ಹೊಳೆಯಲ್ಲೇ ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಅಂಗಡಿಯಿಂದಲೂ ನಾನು ಅದನ್ನು ಕೊಳ್ಳಲಿಲ್ಲ. ಕೊಂಡು ತಂದು ಹಳ್ಳಕ್ಕೆ ಬಿಟ್ಟರೆ ಪುಣ್ಯ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅಂಗಡಿ ತೊಟ್ಟಿಯಲ್ಲಿ ಹತ್ತು ದೇಶದ ಮೀನಿನ ರೋಗ ಇರುತ್ತದೆ. ತಂದು ಬಿಟ್ಟರೆ ಉಳಿದವಕ್ಕೂ ತಗಲುತ್ತದೆ.

ಬಿಡುವ ವಿಷಯ ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ತೊಟ್ಟಿಯ ಪಾಚಿ ತಿನ್ನಲು ಅಂತ ತರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಒಂದಡಿ ದಾಟಿ ಬೆಳೆದಾಗ ಜನ ಕೆರೆಗೆ ಎಸೆಯುತ್ತಾರೆ. ಕೇರಳ, ತಮಿಳುನಾಡಿನ ಎಷ್ಟೋ ನೀರಿನಲ್ಲಿ ಈಗ ಅದೇ ತುಂಬಿದೆ. ಮೈಮೇಲೆ ಗಟ್ಟಿ ಚಿಪ್ಪು, ಬಲೆ ಹರಿಯುತ್ತದೆ, ತಿನ್ನುವವರಿಲ್ಲ. ನಮ್ಮ ಹೊಳೆಯ ಮೀನು ಹೊರಗೆ ಹೋಗುವುದಕ್ಕಿಂತ ಹೊರಗಿನದು ಒಳಗೆ ಬರುವುದು ಹೆಚ್ಚು ಅಪಾಯ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮನೆಯಲ್ಲಿ ಮಕ್ಕಳಿಗೆ ಮೀನು ಸಾಕುವ ಆಸೆ ಇದ್ದರೆ ಬೇಡ ಅನ್ನಬೇಡಿ. ಗದ್ದೆ, ಬಾವಿ, ಕೆರೆಯಂಚಿನಲ್ಲಿ ಧಾರಾಳ ಸಿಗುವ, ತಲೆ ಮೇಲೆ ಬಿಳಿ ಚುಕ್ಕೆ ಹೊಳೆಯುವ ಪುಟ್ಟ ಮೀನು ಇದೆಯಲ್ಲ, ಅಕ್ವೇರಿಯಂನವರು ಪಾಂಚಾಕ್ಸ್ ಅನ್ನುವುದು ಅದನ್ನೇ. ಅದಕ್ಕೆ ನಿಂತ ನೀರೇ ಸಾಕು, ಸೊಳ್ಳೆಮರಿ ತಿನ್ನುತ್ತದೆ. ಬಾಟ್ಲಿ ಬೇಡ, ಅಗಲ ಬಾಯಿಯ ಸಿಮೆಂಟ್ ತೊಟ್ಟಿ ಒಳ್ಳೆಯದು. ಅದೇ ಕೆರೆಯ ಮರಳು, ಗಿಡ, ನಾಲ್ಕು ಬಸವನಹುಳು ಹಾಕಿ ಎರಡು ಮೂರು ವಾರ ಬಿಟ್ಟು ಆಮೇಲೆ ಮೀನು ಬಿಡಿ. ವಾರಿಂಗ್ಟನ್ ಲೆಕ್ಕ ಅಷ್ಟೇ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯಿ ತೆರೆದಿಡಿ. ಅವಲಕ್ಕಿ ಬೇಡ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗ ಓಡಿ ಬಂದ. ಕೈಯಲ್ಲಿ ಬಿಸ್ಲೇರಿ ಬಾಟ್ಲಿ, ಒಳಗೆ ಪಟ್ಟೆಮೀನು. "ಚಿಕ್ಕಪ್ಪ, ಇದೊಂದೇ ಸಿಕ್ತು. ಮೊದ್ಲೆಲ್ಲ ಜಾಸ್ತಿ ಇದ್ವಂತೆ, ಹೌದಾ?" ಅಂದ. ಹಳ್ಳದ ನೀರನ್ನೇ ಬಕೆಟ್ಟಿನಲ್ಲಿ ತಂದು, ಎರಡು ಕಲ್ಲು ಹಾಕಿ, ಮೀನು ಬಿಟ್ಟೆವು. ಕತ್ತಲಾಗುವವರೆಗೆ ಕಲ್ಲ ಸಂದಿಯಿಂದ ಅದು ಹೊರಗೆ ಬರಲಿಲ್ಲ. ಒಂದು ಸಣ್ಣ ಬಸವನಹುಳು ಹಾಕಿ ಮೊಬೈಲ್ ಟಾರ್ಚ್ ಮೇಲೆ ಕೈ ಮುಚ್ಚಿ ಕಾದೆವು. ಈ ಜಾತಿ ತಿನ್ನುವಾಗ ಸದ್ದು ಮಾಡುತ್ತದೆ ಎಂದು ಓದಿದ್ದೆ, ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ಒಳಗಿನಿಂದ ಟಕ್ ಅಂತ ಬಂತು. ಮತ್ತೊಂದು ಸಲ ಟಕ್.

"ಕೇಳ್ತಾ ಚಿಕ್ಕಪ್ಪ?" ಅಂತ ಅವನು ಪಿಸುಗುಟ್ಟಿದ.

ಇನ್ನೊಂದು ಗಳಿಗೆ ಕೂತು, ಬಕೆಟ್ ಎತ್ತಿಕೊಂಡು ಇಬ್ಬರೂ ಸಂಕದ ಕಡೆ ಹೊರಟೆವು.